ಖಾಲಿ ಎಂಬ ಮಾತು

ಹೆಲ್ವಿ ಅತ್ತೆ ಬೇಟೆ ಮುಗಿಸಿ ಬಂದರೆ
ಹೊರಬಾಗಿಲ ಮೆಟ್ಟಿಲಲ್ಲೇ ನಿಲ್ಲುತ್ತಾಳೆ.
ಬೂಟಿನ ಹಿಮ ಕೊಡವುವುದಿಲ್ಲ, ಮೂಗು ಒರೆಸುವುದಿಲ್ಲ,
ನಾಯಿ ಎಷ್ಟು ಕುಣಿದರೂ ಮಾತಾಡಿಸುವುದಿಲ್ಲ.
ಮೊದಲು ಕೋವಿ.

ಮೂತಿ ಮರಳು ತುಂಬಿದ ಬಕೆಟ್ಟಿನ ಕಡೆಗೆ.
ಬೆರಳು ಕುದುರೆಯ ಗೊಡವೆಗೆ ಹೋಗದೆ
ಮರದ ಮೈಮೇಲೆ ನೀಟಾಗಿ ಮಲಗಿರುತ್ತದೆ.
ಮ್ಯಾಗಜಿನ್ ಕಳಚಿ ಜೇಬಿಗೆ. ಆಮೇಲೆ ಬೋಲ್ಟ್ ಎಳೆದರೆ
ಒಳಗುಳಿದ ಒಂದು ತೋಟಾ
ಟಣ್ಣೆಂದು ಹಲಗೆಗೆ ಬಿದ್ದು ಉರುಳುತ್ತದೆ,
ಬಾಗಿ ಎತ್ತಿಕೊಳ್ಳುತ್ತಾಳೆ, ಸೊಂಟ ಹಿಡಿದುಕೊಂಡು.

ಕಣ್ಣಲ್ಲಿ ನೋಡುತ್ತಾಳೆ. ಕಿರುಬೆರಳು ಹಾಕಿ ನೋಡುತ್ತಾಳೆ.
ತಲೆಯೆತ್ತಿ ಬರ್ಚ್ ಮರಗಳ ಕಡೆ ಒಂದು ಗಳಿಗೆ.
ಮತ್ತೆ ಕೋವಿಯೊಳಗೆ,
ಈಗಷ್ಟೇ ನೋಡಿದವಳು ತಾನಲ್ಲವೆಂಬಂತೆ.

ನಾನು ಹೆಲ್ಸಿಂಕಿಯವಳು. ಟ್ರಾಮಿನ ಗಂಟೆಯೊಂದು ಬಿಟ್ಟು
ಬೇರೆ ಲೋಹಕ್ಕೆ ಬೆಚ್ಚಿ ಗೊತ್ತಿರಲಿಲ್ಲ.
ಕುಹ್ಮೊದ ಈ ಮನೆಗೆ ಬಂದ ಹೊಸದರಲ್ಲಿ ಕೇಳಿದ್ದೆ:
ಕಣ್ಣಾರೆ ಕಂಡ ಮೇಲೂ ಎರಡನೇ ಸಲ ಯಾಕೆ?
"ಮೊದಲ ಸಲ ನೋಡುವುದು ಕಣ್ಣಲ್ಲ ಹುಡುಗಿ,
ಬೇಗ ಒಳಗೆ ಹೋಗಿ ಕಾಫಿ ಕುಡಿಯುವ ಆಸೆ."

ಒಲೆಯ ಪಕ್ಕದ ದಿಮ್ಮಿಯಲ್ಲಿ, ಸೊಂಟದೆತ್ತರಕ್ಕೆ, ಒಂದು ತೂತಿದೆ.
ನಾಲ್ಕು ಸಲ ಬಣ್ಣ ಬಳಿದರೂ ಅದನ್ನು ಯಾರೂ ಮುಚ್ಚಲಿಲ್ಲ.
ಅವಳ ತಮ್ಮ ತೌನೊ, ಹನ್ನೆರಡರ ಪೋರ,
ಕೋವಿ ಒರೆಸುತ್ತಾ ಹೇಳಿದ್ದನಂತೆ: "ಖಾಲಿ ಇದೆ."
ಅವ್ವ ಕಾಫಿ ಬಗ್ಗಿಸುತ್ತಿದ್ದಳು.
ಏಪ್ರನ್ನಿನ ದಾರ ಹರಿಯಿತು, ಅಷ್ಟೇ.
ಬಗ್ಗಿಸುವುದನ್ನು ಮುಗಿಸಿಯೇ ಕೂತಳಂತೆ;
ಮೂರು ದಿನದ ಮೇಲೆ ರೊಟ್ಟಿ ಹಿಟ್ಟು ನಾದುವಾಗ
ಕೈ ನಡುಗತೊಡಗಿದ್ದು ಬೇಸಿಗೆಯವರೆಗೂ ನಿಲ್ಲಲಿಲ್ಲ.
ತೌನೊಗೆ ಈಗ ಎಪ್ಪತ್ತು ದಾಟಿದೆ. ಮೂಸ್ ಬೇಟೆಗೆ ತಪ್ಪದೆ ಬರುತ್ತಾನೆ,
ಕೈಯಲ್ಲಿ ಕೋಲು, ಹೆಗಲಲ್ಲಿ ಫ್ಲಾಸ್ಕು.

ಇವತ್ತು ಹೆಲ್ವಿ ಬಂದಾಗ ಮಬ್ಬಾಗಿತ್ತು.
ಇವತ್ತು ಅವಳು ಮೊದಲು ನಾಯಿಯನ್ನು ಮಾತಾಡಿಸಿದಳು.
ಅದರ ಕಾಲಿಗೆ ಮುಳ್ಳು ಚುಚ್ಚಿತ್ತು, ಕೂತು ಕಿತ್ತಳು,
ಎದ್ದು ಮ್ಯಾಗಜಿನ್ ಕಳಚಿ, ಕೋವಿಯನ್ನು ಮೂಲೆಗೊರಗಿಸಿ
ಒಳಗೆ ಬಂದಳು.
ಕಾಡಲ್ಲಿ ಇಡೀ ದಿನ ಒಂದೂ ಗುಂಡಿನ ಸದ್ದಿಲ್ಲ.
ಒಯ್ದದ್ದು ಐದು. ಡಬ್ಬಿಯ ಗೂಡುಗಳಿಗೆ ಮರಳಿದ್ದು ನಾಲ್ಕು.
ಖಾಲಿ ಇರಬಾರದ ಕಡೆ ಖಾಲಿ.

ನಾನೇನೂ ಹೇಳಲಿಲ್ಲ. ಮೆಟ್ಟಿಲಿಗೆ ಹೋದೆ.
ಮೂತಿ ಮರಳಿಗೆ. ಬೆರಳು ಮರದ ಮೇಲೆ.
ಬೋಲ್ಟ್ ಎಳೆದೆ.
ಟಣ್ಣೆಂದಿತು.
ನೋಡಿದೆ, ಕಿರುಬೆರಳು ಹಾಕಿದೆ, ಬರ್ಚ್ ಮರಗಳು
ಕತ್ತಲಲ್ಲಿ ಕಾಣಲಿಲ್ಲ, ಆದರೂ ಅತ್ತ ನೋಡಿ
ಮತ್ತೆ ನೋಡಿದೆ.

ಐದನೆಯದನ್ನು ಅದರ ಗೂಡಿಗೆ ಕೂರಿಸುವಾಗ
ಹೆಲ್ವಿಯ ಕೈಯ ಬಟ್ಟಲು ತುಟಿಯ ಹತ್ತಿರವೇ ನಿಂತಿತ್ತು.
ತುಂಬಾ ಹೊತ್ತು ಒಲೆಯ ಪಕ್ಕದ ದಿಮ್ಮಿಯನ್ನೇ ನೋಡಿದಳು.
ಆಮೇಲೆ ಕೊರಳಿನಿಂದ
ಕಪಾಟಿನ ಬೀಗದ ಕೈ ಬಿಚ್ಚಿ
ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಪಕ್ಕ,
ನನ್ನತ್ತ ಸರಿಸಿದಳು.