ಹೆಸರಿಲ್ಲದ ಲೋಟ

ಹನ್ನೊಂದು ವರ್ಷ, ಬೆಳಗಿನ ಐದೂಕಾಲಿಗೆ
ಟಕೋಮಾ ಬಂದರಿನ ದಾರಿಯಲ್ಲಿ,
ಟೈರಿನಂಗಡಿಯ ಮುಂದಿನ ಖಾಲಿ ಜಾಗದಲ್ಲಿ
ಪೆಟ್ಟಿಗೆಯಷ್ಟೇ ಇರುವ ಆ ಕಾಫಿ ಗೂಡಿನೆದುರು
ಕಾರಿನ ಗಾಜು ಇಳಿಸಿ ಕೈ ಚಾಚಿದವಳು ನಾನು.
ದೊಡ್ಡ ಲೋಟ. ಕ್ಯಾರಮೆಲ್. ಮೇಲೆ ಕೆನೆ, ಬುಧವಾರ ಬೇಡ.
ಬುಧವಾರ ಯಾಕೆ ಬೇಡ ಅಂತ ಶುರುವಾಯಿತೋ
ನನಗೇ ಮರೆತಿದೆ.

ಡೀರ್ಡ್ರಾ ಅನ್ನುವ ಈ ಹೆಸರನ್ನು
ಅಜ್ಜಿ ಐರ್ಲೆಂಡಿನಿಂದ ಹೊತ್ತು ತಂದಿದ್ದಳಂತೆ;
ಇಳಿಸುವಾಗ ಯಾರೂ ಎಚ್ಚರ ವಹಿಸಲಿಲ್ಲ.
ಲೋಟದ ಮೇಲೆ ಅದು ದಿನಕ್ಕೊಂದು ಥರ ಒಡೆದಿರುತ್ತಿತ್ತು:
ಡೇಡ್ರಾ, ಡಾರ್ಡರ್, ಒಮ್ಮೆ ಡ್ರಾಯರ್.
ಒಂದು ದಿನ, ನನ್ನ ಹಿಂದೆ ಸಾಲು ಉದ್ದವಿತ್ತು,
ಹುಡುಗಿ ಅರ್ಧಕ್ಕೇ ಕೈಬಿಟ್ಟಳು: ಡಿಯರ್.
ಅದೊಂದನ್ನು ಮಾತ್ರ ನಾನು ಎಸೆಯಲಿಲ್ಲ.
ತೊಳೆದು, ಒರೆಸಿ, ನೂರಡಿ ಮೇಲಿನ ಕ್ರೇನಿನ ಕೋಣೆಯಲ್ಲಿ
ಪೆನ್ನು ಚುಚ್ಚಿ ಇಟ್ಟುಕೊಂಡೆ.

ಬಿಟ್ಟದ್ದು ಆರೋಗ್ಯಕ್ಕಲ್ಲ. ಲೆಕ್ಕಕ್ಕೆ.
ತೆರಿಗೆಯ ಕಾಗದ ಹುಡುಕುವಾಗ ಬ್ಯಾಂಕಿನ ಪಟ್ಟಿ ಸಿಕ್ಕಿತು,
ಬೆರಳಿಟ್ಟು ಕೂಡುತ್ತಾ ಹೋದೆ:
ಏಳು ಡಾಲರು, ಏಳು ಡಾಲರು, ಏಳೂಕಾಲು.
ಹನಿ ಹನಿ ಕೂಡಿದರೆ ಹಳ್ಳ;
ನನ್ನ ಹಳ್ಳ ಹರಿದದ್ದು ಅತ್ತ ಕಡೆಗೆ.
ಚಾವಣಿಯ ಸೋರಿಕೆಗೆ ಇಟ್ಟ ಬಕೆಟ್ಟು
ಪಕ್ಕದಲ್ಲೇ ಟಪ್ ಅಂದಿತು.
ಕತೆಗೆ ಬೇಕೆಂದು ಸೇರಿಸಿ ಹೇಳುತ್ತಿಲ್ಲ.

ಹಿಂದಿನ ಬೀದಿಯ ಮುದುಕ ಹಾಲ್ವರ್
ಮನೆ ಖಾಲಿ ಮಾಡುತ್ತಾ ಅಂಗಳದಲ್ಲಿ ಹರವಿದ ಸಾಮಾನಿನಲ್ಲಿ
ಕಂದು ಬಣ್ಣದ ಟೀಪಾಟು. ಮೂತಿ ಮುಕ್ಕಾಗಿದೆ.
"ಎರಡು ಡಾಲರು. ಬಗ್ಗಿಸುವಾಗ ಎಡಕ್ಕೆ ವಾಲುತ್ತೆ,
ನನ್ನವಳ ಹಾಗೆ" ಅಂದ. ಆಮೇಲೆ ಒಂದು ಗಳಿಗೆ ಸುಮ್ಮನಿದ್ದು,
"ಒಂದೇ ಕೊಡು" ಅಂದ.

ಮೊದಲ ವಾರದ ಚಹಾ, ದೇವರೇ,
ಬೇಲಿಯ ಮರಕ್ಕೆ ಬಳಿಯುವ ಬಣ್ಣ.
ಎಲೆ ಹಾಕಿ ಹವಾಮಾನ ನೋಡುತ್ತಾ ಕೂತುಬಿಟ್ಟಿದ್ದೆ.
ಮಳೆ ಅಂದರು. ಟಕೋಮಾದಲ್ಲಿ ಇನ್ನೇನು ಅಂತಾರೆ.
ನಾಲಿಗೆ ಒಗರಿಗೆ ಮುದುಡಿ
ಹನ್ನೊಂದು ವರ್ಷದ ಸಕ್ಕರೆಯನ್ನು ನೆನೆದು
ತವರಿಗೆ ಅತ್ತಂತೆ ಅತ್ತಿತು.

ಆಮೇಲೆ ಕಲಿತೆ: ನಾಲ್ಕು ನಿಮಿಷ.
ಬೂಟಿನ ಲೇಸಿಗೆ ಎರಡು, ಬೆಕ್ಕಿನ ತಟ್ಟೆಗೆ ಒಂದು,
ಉಳಿದ ಇನ್ನೊಂದರಲ್ಲಿ ಮಾಡಲು ಏನೂ ಇಲ್ಲ.
ಆ ಒಂದು ನಿಮಿಷಕ್ಕೆ ನಾನು ತಯಾರಿರಲಿಲ್ಲ.
ಕಿಟಕಿಯಾಚೆ ಕತ್ತಲು, ಗಾಜಿನಲ್ಲಿ ನಾನೇ;
ಆವಿ ಬಂದು ಮುಖ ಅಳಿಸಿ ಹೋಗುತ್ತದೆ.

ಮೇಲೆ, ಕ್ರೇನಿನಲ್ಲಿ,
ಥರ್ಮಾಸಿನ ಮುಚ್ಚಳಕ್ಕೇ ಬಗ್ಗಿಸಿಕೊಳ್ಳುತ್ತೇನೆ.
ಕೆಳಗೆ ನಾನು ಎತ್ತಿಡುವ ಕಂಟೇನರುಗಳಲ್ಲಿ
ಯಾವುದರಲ್ಲಿ ಚಹಾ, ಯಾವುದರಲ್ಲಿ ಪ್ಲಾಸ್ಟಿಕ್ ಕುರ್ಚಿ,
ಇಷ್ಟು ಎತ್ತರದಿಂದ ಗೊತ್ತಾಗುವುದಿಲ್ಲ.
ಮುಚ್ಚಳದ ಮೇಲೆ ಯಾರೂ ಏನೂ ಬರೆದಿಲ್ಲ.

ಬಂದರಿಗೆ ಈಗ ಬೇರೆ ದಾರಿ. ಎರಡು ಮೈಲಿ ಸುತ್ತು.
ಸಾಲ ತೀರಿಸದವಳ ಹಾಗೆ
ಆ ಗೂಡಿನ ದೀಪಕ್ಕೆ ಮುಖ ತಪ್ಪಿಸುತ್ತೇನೆ.
ಪೆಟ್ರೋಲು ಕಳೆದರೆ ಉಳಿತಾಯ ಎಷ್ಟೋ,
ಆ ಲೆಕ್ಕ ಹಾಕಿಲ್ಲ.

ಮೊನ್ನೆ ದಿನಸಿ ಅಂಗಡಿಯಲ್ಲಿ
ಬೆಕ್ಕಿನ ಮರಳಿನ ಮೂಟೆ ಹೊತ್ತು ಎದುರಿಗೇ ನಿಂತಳು.
ಮೂರು ವರ್ಷ ಕಿಟಕಿಯಿಂದ ಮೇಲಷ್ಟೇ ಇದ್ದವಳು,
ಕಾಲು ನೋಡಿದ್ದು ಅವತ್ತೇ: ಹಳದಿ ರಬ್ಬರ್ ಬೂಟು.
"ದೊಡ್ಡ ಲೋಟ, ಕ್ಯಾರಮೆಲ್, ಬುಧವಾರ ಕೆನೆ ಇಲ್ಲ!
ನೀವು ಸತ್ತೇಹೋದಿರಿ ಅಂದುಕೊಂಡಿದ್ದೆ."
ನನ್ನ ಬುಟ್ಟಿಯ ಚಹಾ ಡಬ್ಬಿಯನ್ನು
ಬ್ರೆಡ್ಡಿನಡಿಗೆ ತಳ್ಳಿದೆ.
ಪಾಳಿ ಬದಲಾಯಿತು ಅಂತ ಸುಳ್ಳು ಹೇಳಿದೆ.
ಅವಳು ಮೂಟೆಯನ್ನು ಸೊಂಟಕ್ಕೆ ಇಳಿಸಿಕೊಂಡು ಕೇಳಿದಳು:
"ನಿಮ್ಮ ಹೆಸರು, ಅದನ್ನ ನಿಜವಾಗಿ ಹೇಗೆ ಬರೀತಾರೆ?"
ಒಂದೊಂದೇ ಅಕ್ಷರ ಹೇಳಿದೆ.
ಮೂಟೆಯ ಮೇಲೆ ಬೆರಳಿಂದ ಬರೆದುಕೊಂಡಳು.

ಅವಳ ಹೆಸರು ಕೇಳಬೇಕಿತ್ತೆಂದು ಹೊಳೆದದ್ದು
ಕಾರಿಗೆ ಬಂದು ಕೂತ ಮೇಲೆ.

ಇವತ್ತು ಬುಧವಾರ.
ಕೆಟಲು ಕೂಗುತ್ತಿದೆ. ಟೀಪಾಟು ಎಡಕ್ಕೆ ವಾಲಿ
ಎಂದಿನಂತೆ ಮೇಜಿಗೂ ಒಂದಿಷ್ಟು ಕುಡಿಸಿತು.