ಚೀಟಿಯಲ್ಲಿ ತಾಯಿ ಮೊದಲು

ಬೆಳಿಗ್ಗೆ ಏಳೂವರೆಗೆ ಸಹಿ ಹಾಕಿ, ತಳೆ ಹೆಗಲಿಗೇರಿಸಿ
ಕೂಡ್ಲಿನ ತೋಟಕ್ಕೆ ಇಳಿಯುತ್ತೇನೆ.
ನನ್ನ ಹುದ್ದೆಯ ಹೆಸರು ಉದ್ದ ಇದೆ.
ಕೇಳಿದವರಿಗೆ ಹೆಂಡತಿ ಹೇಳುವುದು:
ತೆಂಗಿಗೆ ಮದುವೆ ಮಾಡಿಸುವ ಕೆಲಸ.

ಸುಳ್ಳಲ್ಲ.
ಹೊಂಬಾಳೆ ಒಡೆದ ದಿನವೇ ಮೇಲೆ ಹೋಗಬೇಕು,
ಗಂಡುಹೂ ಒಂದನ್ನೂ ಬಿಡದೆ ಉದುರಿಸಬೇಕು
ಅಕ್ಕಿಯಲ್ಲಿ ಭತ್ತ ಆರಿಸುವವಳ ಕಣ್ಣಿಟ್ಟು.
ಬುಡದಲ್ಲಿ ಕೂತ ಹೆಣ್ಣುಮಿಡಿಗಳಿಗೆ ಬಟ್ಟೆಚೀಲ ತೊಡಿಸಿ
ಬಾಯಿ ಬಿಗಿಯಬೇಕು, ಇರುವೆಗೂ ದಾರಿಯಿಲ್ಲದಂತೆ.
ಮೂರು ವಾರ ಕಾದರೆ ಮಿಡಿಯ ತುದಿ ಸೀಳಿ
ಒಂದು ಹನಿ ಜೇನು ಒಸರುತ್ತದೆ.
ಅದೇ ಒಪ್ಪಿಗೆ.
ಆಗ ಬುಡ್ಡಿ ಒತ್ತುತ್ತೇನೆ, ಫುಸ್, ಫುಸ್,
ಎಲ್ಲಿಯದೋ ಗಂಡಿನ ಹುಡಿ, ಪೌಡರು ಬೆರೆಸಿದ್ದು.

ಚೀಟಿ ಕಟ್ಟುತ್ತೇನೆ: ತಾಯಿ ಮೊದಲು,
ಆಮೇಲೆ ಗುಣಿಸುವ ಗುರುತು, ಆಮೇಲೆ ತಂದೆ.
ನಮ್ಮಲ್ಲೂ ಅಳಿಯಕಟ್ಟಿನ ಕಾಲದಲ್ಲಿ ಹೀಗೇ ಇತ್ತಂತೆ.
ಈಗ ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿಗೆ ಮಾತ್ರ ಜಾಗ.
ನಾನು ಅಲ್ಲೊಂದು ಗೆರೆ ಎಳೆದಿದ್ದೇನೆ.

ರಮ್ಲತ್ ಡಾಕ್ಟರು ಒಮ್ಮೆ ಹೇಳಿದರು:
ಅಂಬಾಡೀ, ಇದು ಲೆಕ್ಕಕ್ಕೆ ಮರವೇ ಅಲ್ಲ,
ಹುಲ್ಲಿನ ದೂರದ ನೆಂಟ. ಕಡಿದರೆ ಒಳಗೆ ಉಂಗುರವಿಲ್ಲ,
ಗಾಯವಾದರೆ ಮಾಯುವುದಿಲ್ಲ.
ನನಗಿದು ಗೊತ್ತಿತ್ತು; ಗೊತ್ತಿದೆ ಎಂದು ಗೊತ್ತಿರಲಿಲ್ಲ.
ಮೊಗ್ರಾಲ್ ಹೊಳೆಬದಿಯ ತೆಂಗಿನಲ್ಲಿ
ಅಜ್ಜ ಕೊಚ್ಚಿದ ಮೆಟ್ಟಿಲುಗಳು ಹಾಗೇ ಇವೆ
ಅವನ ಹೆಜ್ಜೆಯ ಅಳತೆಗೆ.
ನನ್ನ ಹೆಬ್ಬೆರಳು ಇವತ್ತಿಗೂ ಅಲ್ಲಿ ಹೋಗಿ ಕೂರುತ್ತದೆ.

ಹದಿನೇಳನೇ ಸಾಲು ಒಂದು ದ್ವೀಪದ್ದು.
ತುಳು, ಮಲಯಾಳ, ಬ್ಯಾರಿ, ಕನ್ನಡ ನಾಲ್ಕಕ್ಕೂ ಒಗ್ಗಿದ ನಾಲಗೆ
ಆ ದ್ವೀಪದ ಹೆಸರಿಗೆ ಮಾತ್ರ ಜಾರುತ್ತದೆ.
ನಾನು ಹುಟ್ಟುವ ಮೊದಲು ಯಾರೋ ಹಡಗಿನಲ್ಲಿ ತಂದ ಬೀಜ.
ಕಾಯಿ ಸಣ್ಣದು, ಉದ್ದ, ಮೂರು ಮೂಲೆ, ಬರೇ ಸಿಪ್ಪೆ.
ತೇಲಲೆಂದೇ ಆದದ್ದು, ಡಾಕ್ಟರು ಹೇಳುತ್ತಾರೆ,
ಮೊದಲು ಎಲ್ಲ ತೆಂಗೂ ಹೀಗೇ ಇದ್ದೀತು,
ಗುಂಡನೆಯದನ್ನು ಆರಿಸಿ ಆರಿಸಿ ನೆಟ್ಟವರು ನಾವು.
ಹೊಸ ಸಾಹೇಬರು ಒಂದನ್ನು ಒಡೆಸಿ ನೋಡಿ
'ಇದರಲ್ಲೇನು ಲಾಭ?' ಎಂದರು.
ಡಾಕ್ಟರು ಮಾತಾಡಲಿಲ್ಲ.
ಕಾಯಿಯ ಒಂದು ಚೂರು ನನಗೆ ಕೊಟ್ಟು, ಒಂದು ತಾವು ತಿಂದರು.

ಎಂಟಿದ್ದವು. ಎರಡಕ್ಕೆ ಸಿಡಿಲು.
ಮೂರರ ಸುಳಿಗೆ ಕುರುವಾಯಿ ಹೊಕ್ಕಿತು,
ತೆಂಗಿಗೆ ತಲೆ ಒಂದೇ, ಇನ್ನೊಂದು ಚಿಗುರು ಎಂಬುದಿಲ್ಲ.
ಒಂದು ಸುಮ್ಮನೆ ಮುದಿಯಾಗಿ ಹೋಯಿತು.
ಉಳಿದವು ಎರಡು.
ಹೋದ ಫೆಬ್ರವರಿಯಲ್ಲಿ ದ್ವೀಪದಿಂದ ಪತ್ರ:
ಕೊನೆಯ ತೋಟಕ್ಕೂ ಉಪ್ಪುನೀರು ನುಗ್ಗಿದೆ,
ನಾವೆಲ್ಲ ಬೇರೆ ನೆಲಕ್ಕೆ ಹೋಗುತ್ತಿದ್ದೇವೆ,
ಅದು ನಿಮ್ಮಲ್ಲಿ ಇನ್ನೂ ಇದೆಯೇ?

ಇದೆ ಎಂದು ಬರೆದದ್ದು ಡಾಕ್ಟರು.
ಏರಿದ್ದು ನಾನು.
ಮೇಲೆ ಗಾಳಿ. ರೈಲು ಹಳಿಯಾಚೆ ಕಡಲು,
ಎಷ್ಟೋ ಸಲ ನೋಡಿದ್ದೇ, ಆದರೂ ಆ ದಿನ
ಅದು ಯಾರದೋ ಅಂಗಳದಿಂದ ಎದ್ದು ಬಂದಂತೆ ಕಂಡಿತು.
ಎಂಟನೇ ಮರದ ಹುಡಿ ಮೂರನೇ ಮರದ ಮಿಡಿಗೆ.
ಫುಸ್. ಕೈ ನಡುಗಿ ಅರ್ಧ ನನ್ನ ಮೀಸೆಗೇ ಹೋಯಿತು.

ಇಪ್ಪತ್ತಮೂರು ಮಿಡಿ. ಹತ್ತೊಂಬತ್ತು ಉದುರಿದವು,
ಉದುರಿದ ಒಂದೊಂದನ್ನೂ ಹೆಕ್ಕಿ ಪುಸ್ತಕದಲ್ಲಿ ಬರೆದೆ.
ನಾಲ್ಕು ನಿಂತಿವೆ.
ಅವು ಬಲಿಯಲು ಇನ್ನೂ ಹತ್ತು ತಿಂಗಳು,
ನನ್ನ ಗುತ್ತಿಗೆ ಮುಗಿಯಲು ಏಳು.
ಮುಂದೆ ಏರುವವನು ಯಾರೋ ಏನೋ.
ಅವನ ಕಣ್ಣಿಗೆ ಬೀಳಲಿ ಎಂದು
ಗೊನೆಯ ಕೊರಳಿಗೊಂದು ಕೆಂಪು ನೂಲು ಸುತ್ತಿದ್ದೇನೆ,
ಮಳೆಗೆ ಬಣ್ಣ ಹೋಗುತ್ತದೆಂದು ಎರಡು ಸುತ್ತು.