ಸಾಕು ಅನ್ನುವ ಚೀಟಿ

ಬಳ್ಳಾರಿ ರಸ್ತೆಯ ಲ್ಯಾಬಿನಲ್ಲಿ ಮೀನಿನ ಕೋಣೆ ನನ್ನದು.
ನಾನೂರ ಹನ್ನೆರಡು ತೊಟ್ಟಿ, ಇಪ್ಪತ್ತೆಂಟು ಡಿಗ್ರಿ ನೀರು,
ಬೆಳಿಗ್ಗೆ ಎಂಟಕ್ಕೆ ಹಗಲು, ರಾತ್ರಿ ಹತ್ತಕ್ಕೆ ಇರುಳು,
ಎರಡೂ ನನ್ನ ಸ್ವಿಚ್ಚಿನಲ್ಲಿ.
ಮೀನೋ, ಕಿರುಬೆರಳಿನಷ್ಟು; ಮೈತುಂಬ ನೀಲಿ ಪಟ್ಟೆ,
ಪೈಜಾಮದ ಬಟ್ಟೆಯ ಹಾಗೆ.

ಜಸಿಂತಾ ಮೇಡಂ ಒಂದನ್ನು ಒದ್ದೆ ಸ್ಪಂಜಿನ ಮೇಲೆ ಮಲಗಿಸಿ
ಮಂಜಿಗಿಂತ ತಣ್ಣನೆಯ ತಂತಿ ತುದಿಯನ್ನು
ಎದೆಗೆ ತಾಗಿಸಿ ತೆಗೆಯುತ್ತಾರೆ.
ರಾಗಿಕಾಳಿನಷ್ಟು ಗುಂಡಿಗೆ. ಅದರಲ್ಲಿ ಕಾಲು ಭಾಗ ಸಾಯುತ್ತದೆ.
ಆಮೇಲೆ ಅದು ನನ್ನ ಪಾಲು:
ತೊಟ್ಟಿಗೆ ಹಳದಿ ಚೀಟಿ, ತಾರೀಖು, ಹೊತ್ತಿಗೆ ಸರಿಯಾಗಿ ಸೀಗಡಿ ಮರಿ.
ಮೊದಲ ದಿನ ಮೂಲೆ ಹಿಡಿದಿರುತ್ತದೆ,
ಮೂರನೇ ದಿನ ಊಟಕ್ಕೆ ಬರುತ್ತದೆ,
ಮೂರು ತಿಂಗಳಿಗೆ ಗಾಯ ಎಲ್ಲಿತ್ತೆಂದು
ಮೈಕ್ರೋಸ್ಕೋಪಿಗೂ ತಡಕಾಟ.

ನನ್ನದು ಹಾಗಾಗಲಿಲ್ಲ.
ಹೋದ ಫೆಬ್ರವರಿ, ಮೇಖ್ರಿ ಸರ್ಕಲ್ಲು, ಬಸ್ಸಿನ ಕಿಟಕಿ ಸೀಟು.
ಎದೆಯ ಮೇಲೆ ಯಾರೋ ಕಡಪ ಕಲ್ಲು ಇಟ್ಟರು.
ಕಂಡಕ್ಟರು ಕೊಟ್ಟ ಚಿಲ್ಲರೆ ಕೈಯಲ್ಲಿ ನಿಲ್ಲಲಿಲ್ಲ.
ಸಿಗ್ನಲ್ಲು ಕೆಂಪು. ನೂರ ನಲವತ್ತು ಸೆಕೆಂಡು
ಒಂದೊಂದಾಗಿ ಇಳಿಯುವುದನ್ನು ಎಣಿಸಿದ್ದು ನಾನೇ.
ಅಂದು ಮೀಟರು ಹಾಕದ ಆಟೊದವನು
ದುಡ್ಡನ್ನೂ ಕೇಳಲಿಲ್ಲ.

ಅದಕ್ಕೇ ಮೇಡಂ ‘ಸಿಗ್ನಲ್’ ಅಂದಾಗಲೆಲ್ಲ
ನನಗೆ ಕಾಣುವುದು ಆ ಕೆಂಪು ದೀಪವೇ.
‘ಒಳಗೆ ದೀಪ ಇಲ್ಲ ಸಂಪಂಗಪ್ಪ’ ಅಂದರು ಒಂದು ಸಂಜೆ,
‘ಪೊಲೀಸಿನವರೂ ಇಲ್ಲ. ಬರೀ ಚೀಟಿಗಳು.
ಸಾಯುವ ಕೋಶ ಒಡೆದು ಚೆಲ್ಲುವುದೇ ಮೊದಲ ಚೀಟಿ:
ಬನ್ನಿ, ಇಲ್ಲಿ ಸುಡುತ್ತಿದೆ.’
ಓದಿದವರು ಓಡಿ ಬರುತ್ತಾರೆ, ಅವಸರದ ಬಿಳಿಯರು,
ಸತ್ತದ್ದನ್ನು ಕಿತ್ತೆಳೆಯುತ್ತಾರೆ, ಆ ಭರದಲ್ಲಿ
ಬದುಕಿದ್ದನ್ನೂ ಒಂದಿಷ್ಟು.
ಅವರ ಹಿಂದೆ ದೊಡ್ಡ ಹೊಟ್ಟೆಯವರು, ನುಂಗಿ ನುಂಗಿ ಗುಡಿಸುವವರು.
ಗುಡಿಸುತ್ತ ಗುಡಿಸುತ್ತ ಅವರ ಬುದ್ಧಿಯೇ ಬೇರೆಯಾಗಿ
ಹೊಸ ಚೀಟಿ ಬರೆಯುತ್ತಾರಂತೆ:
ಸಾಕು. ಇನ್ನು ನೇಯಿರಿ.

‘ಅದು ಬರುವುದು ತಡವಾದರೆ?’
‘ಗೋಡೆ ತೆಳ್ಳಗಾಗುತ್ತದೆ.’
‘ಬೇಗ ಬಂದರೆ?’
‘ಕಸ ಒಳಗೇ ಉಳಿಯುತ್ತದೆ.’
ಮೂರು ವರ್ಷದಿಂದ ಅವರು ಹುಡುಕುತ್ತಿರುವುದು
ಆ ಒಂದು ಚೀಟಿಯ ಕೈಬರಹ.

ನಮ್ಮ ಭೂಪಸಂದ್ರದ ಬೀದಿ ನೆನಪಾಯಿತು.
ನೀರಿನವರು ಅಗೆದರು, ಕೇಬಲ್ಲಿನವರು ಅಗೆದರು;
ಮುಚ್ಚಿ ಅಂತ ಯಾರೂ ಯಾರಿಗೂ ಬರೆಯಲಿಲ್ಲ.
ಪಿಳ್ಳಮ್ಮ ಇವತ್ತಿಗೂ ಹಲಗೆ ದಾಟಿಯೇ ಹಾಲು ತರುತ್ತಾಳೆ.

‘ನನ್ನೊಳಗೆ?’ ಕೇಳಿಯೇಬಿಟ್ಟೆ.
ಮೇಡಂ ಟೀ ಲೋಟ ಕೆಳಗಿಟ್ಟರು.
‘ಅವೇ ಚೀಟಿಗಳು. ಮೀನಿಗೆ ಕೊನೆಯಲ್ಲಿ ಇನ್ನೊಂದು ಬರುತ್ತದೆ:
ಹೊಲಿಗೆ ಬಿಚ್ಚಿ, ಒಂದು ಎರಡಾಗಿ.
ಇಲಿಮರಿಗೂ ಹುಟ್ಟಿದ ಒಂದು ವಾರ ಅದನ್ನು ಓದಲು ಬರುತ್ತದೆ.
ಆಮೇಲೆ ಮರೆಯುತ್ತದೆ. ನಾವೂ
ಹೆಚ್ಚುಕಡಿಮೆ ಮರೆತವರೇ.’

ಹೋದ ವಾರ ಎಕೋ. ಎದೆಗೆ ತಣ್ಣನೆ ಜೆಲ್ಲು.
‘ಈ ತುಂಡು ಅಲ್ಲಾಡುತ್ತಿಲ್ಲ, ನೋಡಿ’ ಅಂದ ಹುಡುಗ.
ನೋಡಿದೆ. ಉಳಿದದ್ದೆಲ್ಲ ಕುಣಿಯುತ್ತಿತ್ತು,
ಅದೊಂದು ಜಾಗ ಮಾತ್ರ, ಮದುವೆ ಮನೆಯಲ್ಲಿ
ಕಂಬಕ್ಕೊರಗಿ ನಿಂತ ದೊಡ್ಡಪ್ಪನ ಹಾಗೆ.
‘ಅದು ಗಟ್ಟಿಯಾಗದಿದ್ದರೆ ಅಲ್ಲೇ ಒಡೆದಿರುತ್ತಿತ್ತು’ ಅಂತ ಸೇರಿಸಿ
ಒರೆಸಿಕೊಳ್ಳಲು ಟಿಶ್ಯೂ ಕೊಟ್ಟ.

ಇನ್ನೂರ ಒಂಬತ್ತನೇ ತೊಟ್ಟಿಗೆ ಇವತ್ತು ತೊಂಬತ್ತೊಂದನೇ ದಿನ.
ನಾಳೆ ಅದರ ಗುಂಡಿಗೆ ಗಾಜಿನ ಪಟ್ಟಿಯ ಮೇಲೆ.
ವಾಸಿಯಾಗಿದೆಯೋ ಇಲ್ಲವೋ ನೋಡಲು
ಬೇರೆ ದಾರಿ ಇಲ್ಲವಂತೆ.
ಗಾಜಿನ ಹತ್ತಿರ ಬಂದು ಬಾಯಿ ತೆರೆಯಿತು.
ಲೆಕ್ಕದಲ್ಲಿಲ್ಲದ ಒಂದು ಹನಿ ಸೀಗಡಿ ಮರಿ ಬಿಟ್ಟೆ.
ಹತ್ತು ಗಂಟೆ ಆಗಿ ಐದು ನಿಮಿಷವಾಯಿತು,
ಸ್ವಿಚ್ಚಿನ ಮೇಲೆ ಕೈಯಿಟ್ಟು
ನಿಂತೇ ಇದ್ದೇನೆ.